ಬೆಕ್ಕಿಗೇನು ಸೂಲಗಿತ್ತಿ ಬೇಕೇನು ಅಂದವರಿಗೆ

ಮೊನ್ನೆ ಶುಕ್ರವಾರ ಸಂಜಿಮುಂದ ನಮ್ಮ ಕಟ್ಟಿ ಮ್ಯಾಲೆ ಮೆಂತೆ ಪಲ್ಯ ಸೋಸಕೋತ ಐದು ಮಂದಿ ಕೂತಿದ್ವಿ. ಎದುರು ಮನಿಗೆ ಬಾಡಿಗಿ ಬಂದ ಹೊಸಾ ಹುಡುಗಿ ಬಂದು, "ಕಾಕು, ನಮ್ಮ ಬೆಕ್ಕು ಬಸರಾಗೇದ. ಎರಡು ದಿನ ಆತು, ಕಪಾಟಿನ್ಯಾಗ ಹೊಕ್ಕೊಂಡು ನನ್ನ ಸೀರಿ ಎಲ್ಲಾ ಕೆದರ್ಲಿಕ್ಕತ್ತದ. ಏನ ಮಾಡ್ಲಿ?" ಅಂತ ಕೇಳಿದ್ಲು.

ಐದು ಮಂದಿಯೊಳಗ ನಾಕು ಮಂದಿ ಒಂದ ಬಾಯಿಲೆ, "ಹೊರಗ ಹಾಕವಾ, ಅದರ ಪಾಡಿಗೆ ಅದು ಎಲ್ಲ್ಯರೆ ಹಡಕೋತದ" ಅಂದ್ರು. ಒಬ್ಬ ವೈನಿಯಂತೂ ಕಾಡಿ ಎಳಿಯೂದು ಬಿಟ್ಟು, "ಬೆಕ್ಕಿಗೇನು ಸೂಲಗಿತ್ತಿ ಬೇಕೇನು?" ಅಂತ ನಕ್ಕಳು. ಎಲ್ಲಾರೂ ನಕ್ಕರು. ನಾ ನಗಲಿಲ್ಲ. ನನಗ ಸಿಟ್ಟು ಬಂತು, ಮಾತಿಗೆ ಮಾತು ಬೆಳೀತು, ಅರ್ಧಾ ಪಲ್ಯ ಹಂಗ ಉಳೀತು. ಅವತ್ತು ನಾ ಜೋರು ಮಾಡಿ ಮಾತಾಡಿದ್ದಕ್ಕ ಎಲ್ಲಾರೂ ಬ್ಯಾಸರ ಮಾಡಿಕೊಂಡೀರಿ ಅನ್ನೂದು ನನಗ ಗೊತ್ತದ. ದನಿ ಏರಿಸಿದ್ದಕ್ಕ ತಪ್ಪಾತು ಅಂತೀನಿ. ಆದ್ರ ಆಡಿದ ಮಾತು ಮಾತ್ರ ನಾ ಹಿಂದಕ್ಕ ತಗೊಳಂಗಿಲ್ಲ. ಇಲ್ಲೆ ಸಾವಕಾಶ ಬರೀತೀನಿ, ಓದಿ ನೋಡ್ರಿ.

ಮೊದಲ ಒಂದು ಮಾತು. ನಾ ಬೆಕ್ಕಿಗೆ 'ಆಕಿ' ಅಂತೀನಿ. ಆಕಳಿಗೆ 'ನಮ್ಮ ಗೌರಿ ಈದಾಳ' ಅಂತ ಹೇಳಿ ಗಿಣ್ಣದ ಹಾಲು ಹಂಚೂ ಮಂದಿ ನಾವು. ಬೆಕ್ಕಿಗೆ 'ಆಕಿ' ಅಂದ್ರ ಯಾಕ ನಗು ಬರ್ತದ?

ನೀವು ಹೇಳೂ ಮಾತಿನ್ಯಾಗ ದೊಡ್ಡದು ಇದು: "ಕಾಡಿನ್ಯಾಗ ಹುಲಿ ಹಡೀತದ, ಚಿರ್ಚಿ ಹಡೀತದ, ಅಲ್ಲೆ ಯಾವ ದವಾಖಾನಿ ಅದ?" ಖರೆ, ಇಲ್ಲ. ಅಲ್ಲೆ ಹಡೀಲಾರದ ಸತ್ತದ್ದರ ಲೆಕ್ಕ ಇಟ್ಟವರೂ ಯಾರೂ ಇಲ್ಲ. ನಮ್ಮ ಅಜ್ಜಿಯ ಕಾಲದಾಗ ಹೆಣ್ಣಮಕ್ಕಳೂ ಮನ್ಯಾಗ ಹಡೀತಿದ್ರು, 'ಹತ್ತು ಹಡದ್ಲು, ಗಟ್ಟಿ ಹೆಣ್ಣು' ಅಂತ ಹೆಮ್ಮಿಲೆ ಹೇಳ್ತೀವಿ. ಆ ಹತ್ತರಾಗ ಎಷ್ಟು ಉಳದ್ವು, ಹನ್ನೊಂದನೇದ್ದಕ್ಕ ಯಾರು ಹೋದ್ರು ಅನ್ನೂದನ್ನ ಸಣ್ಣ ದನಿಲೆ ಹೇಳ್ತೀವಿ. ಬೆಕ್ಕಿನ ಹೆರಿಗಿ ಬಹಳಷ್ಟು ಸಲ ತಾನಾಗೇ ಸುಸೂತ್ರ ಆಗ್ತದ, ಇದನ್ನ ನಾನೂ ಒಪ್ಪತೀನಿ. ನನ್ನ ಜಗಳ ಇರೂದು ಉಳಿದ ಆ ಕೆಲವು ಸಲದ ಬಗ್ಗೆ. ಅದು ಯಾವ ಸಲ ಅಂತ ತಿಳಿಬೇಕಾದ್ರ ನೋಡ್ಬೇಕಲ್ಲ? ಹೊರಗ ಹಾಕಿ ಬಾಗಿಲಾ ಹಾಕಿಕೊಂಡ್ರ ಹೆಂಗ ತಿಳೀತದ?

ನಾ ಇದನ್ನ ಪುಸ್ತಕ ಓದಿ ಕಲತಾಕಿ ಅಲ್ಲ. ತಪ್ಪು ಮಾಡಿ ಕಲತಾಕಿ. ನಮ್ಮ ಚಂಪಿ ನಿಮ್ಮೊಳಗ ಭಾಳ ಮಂದಿಗೆ ನೆನಪದ, ಕರಿ ಮೈ, ಕೊಳ್ಳಾಗ ಮಾತ್ರ ಬಿಳೇ ಚುಕ್ಕಿ. ಏಳು ವರ್ಷದ ಹಿಂದ, ಪಂಚಮಿ ಮುಂದ ಆಕಿ ಮೊದಲನೇ ಬಸರಾಗಿದ್ಲು. ಹಬ್ಬದ ಹಿಂದಿನ ದಿನ ಮನಿ ತುಂಬ ಮಂದಿ, ನಾ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ ಕಟ್ಟಕೋತ ಕೂತಿದ್ದೆ. ಮುಂಜಾನಿಂದ ಚಂಪಿ ನನ್ನ ಸೆರಗು ಬಿಡ್ಲಿಲ್ಲ. ಎಲ್ಲೆ ಹೋದ್ರೂ ಹಿಂದಿಂದ. ಹಾಕಿದ ಅನ್ನ ಹಾಲು ಮುಟ್ಟಲಿಲ್ಲ. ಒಂದು ಥರಾ ಸಣ್ಣ ದನಿ ತಗದು ಕೂಗ್ತಿದ್ಲು, ಮತ್ತ ಮತ್ತ ಹಿಂದ ತಿರುಗಿ ನೆಕ್ಕೋತಿದ್ಲು. ಪಾಕ ಏರಿ ಕೂತದ, ಇದೊಂದು ಕಾಲಾಗ ಸಿಗ್ತದ ಅಂತ ನಾನ, ಈ ಕೈಲೆ, ಆಕಿನ್ನ ಎತ್ತಿ ಹಿತ್ತಲದಾಗ ಬಿಟ್ಟು ಅಗಳಿ ಹಾಕಿದೆ. ರಾತ್ರಿ ಮಳಿ ಬಂತು. ಒಂದೆರಡು ಸಲ ಕೂಗಿದ್ದು ಕೇಳಿಸ್ತು. 'ಹಡೀಲಿಕ್ಕೆ ಜಾಗಾ ಹುಡುಕ್ತಿರಬೇಕು, ತಾನ ಹಡಕೋತಾಳ' ಅಂದೆ. ನೀವು ಮೊನ್ನೆ ಅಂದ ಮಾತ ಅದು, ಅಕ್ಷರ ಸೈತ ಬದಲಿಲ್ಲ.

ಮುಂಜಾನೆ ನೀರಿನ ಟಾಕಿ ಹಿಂದ ಸಿಕ್ಕಳು. ಪೂರಾ ತೊಯ್ದಿದ್ಲು. ಒಂದು ಮರಿದು ಬಾಲ, ಹಿಂಗಾಲು ಅರ್ಧ ಹೊರಗ ಬಂದು ಅಲ್ಲೇ ನಿಂತಿತ್ತು. ಆಗರೆ ಓಡಬೇಕಿತ್ತೋ ಇಲ್ಲೋ? ನಾಗಪ್ಪಗ ಹಾಲೆರದು ಬಂದು ನೋಡೂಣು ಅಂದ್ವಿ. ಹಾಲೆರದ್ವಿ, ನೈವೇದ್ಯ ಆತು, ದವಾಖಾನಿ ಮುಟ್ಟೂದ್ರಾಗ ಹನ್ನೊಂದು ಹೊಡದಿತ್ತು. ಮೂರು ಮರಿ, ಮೂರೂ ಸತ್ತಿದ್ವು. ಚಂಪಿ ಹೊಳ್ಳಿ ಬರೂ ದಾರ್ಯಾಗ ನನ್ನ ತೊಡಿ ಮ್ಯಾಲೇನ ಹೋದ್ಲು. ಡಾಕ್ಟರ್ ಬೈಯ್ಯಲಿಲ್ಲ. "ನಿನ್ನೆ ಸಂಜಿಗೆ ತಂದಿದ್ರ..." ಅಂದು ಸುಮ್ಮನಾದ್ರು. ಅವತ್ತಿನಿಂದ ಪಂಚಮಿ ಉಂಡಿ ಪಾಕಕ್ಕ ಕೂತಾಗೊಮ್ಮೆ ನನಗ ಆ ಕೂಗು ಕೇಳ್ತದ.

ಅದಕ್ಕ ಹೇಳ್ತೀನಿ, ಆಕಿ ಅವತ್ತು ಮುಂಜಾನಿಂದ ಹೇಳಿದ್ಲು. ಎಲ್ಲಾ ಹೇಳಿದ್ಲು. ಊಟ ಬಿಟ್ಟು ಹೇಳಿದ್ಲು, ಸೆರಗು ಹಿಡದು ಹೇಳಿದ್ಲು. ಓದಲಿಕ್ಕೆ ನನಗ ಬರ್ತಿದ್ದಿಲ್ಲ ಅಷ್ಟ.

ಈಗ ಬರ್ತದ. ಬೆಕ್ಕು ಹೆಚ್ಚು ಕಡಿಮಿ 63 ರಿಂದ 67 ದಿನಕ್ಕ ಹಡೀತದ, ಅಂದ್ರ ಒಂಬತ್ತು ವಾರ. ಯಾವಾಗ ಕೂಡಿತು ಅಂತ ನಮಗ ಗೊತ್ತಿರಂಗಿಲ್ಲ, ಗಂಡು ಬೆಕ್ಕು ಜಂತಿ ಮ್ಯಾಲೆ ಬಂದು ಒದರಿದ್ದು ನೆನಪಿದ್ರ ಕ್ಯಾಲೆಂಡರದಾಗ ಒಂದು ಗುರುತು ಹಾಕ್ರಿ. ಹಾಲು, ಗ್ಯಾಸು, ಪೇಪರ್ ಎಲ್ಲಾದಕ್ಕೂ ಗುರುತು ಹಾಕ್ತೀವಿ, ಇದಕ್ಕೊಂದು ಹಾಕಿದ್ರ ಏನಾತು? ಮೂರು ವಾರಕ್ಕ ಮೊಲಿ ತೊಟ್ಟು ಗುಲಾಬಿ ಬಣ್ಣಕ್ಕ ತಿರುಗಿ ಉಬ್ಬತಾವ. ಐದು ವಾರದ ಹೊತ್ತಿಗೆ ಹೊಟ್ಟಿ ಎಲ್ಲಾರಿಗೂ ಕಾಣ್ತದ. ದಿನ ತುಂಬಿದ ಮ್ಯಾಲೆ ತೊಟ್ಟು ಮೆತ್ತಗ ಮುಟ್ಟಿದ್ರ ಹಾಲಿನ ಹನಿ ಕಾಣಸ್ತದ, ಒಮ್ಮೊಮ್ಮೆ ಹಡಿಯೂ ಹಿಂದಿನ ದಿನಾನ ಕಾಣಸ್ತದ. ಅದ ಹೊತ್ತಿಗೆ ಕತ್ತಲಿ, ಬೆಚ್ಚಗಿನ, ಮಂದಿ ಓಡಾಡಲಾರದ ಜಾಗಾ ಹುಡುಕ್ತಾಳ. ಕಪಾಟು, ಟ್ರಂಕು, ಕೌದಿ ಒಟ್ಟಿದ ಮೂಲಿ, ಪೇಪರ್ ರದ್ದಿ. ಎದುರು ಮನಿ ಹುಡುಗಿ ಸೀರಿ ಕೆದರಿದ್ದು ಹಟಕ್ಕಲ್ಲ ತಾಯಿ, ಆಕಿ ಬಾಣಂತಿ ಖೋಲಿ ಮಾಡ್ಕೊಳ್ಳಿಕ್ಕತ್ತಾಳ. ಆ ಹೊತ್ತಿನ್ಯಾಗ 'ಹೊರಗ ಹಾಕು' ಅಂದ್ರ ಏನರ್ಥ? ದಿನ ತುಂಬಿದ ಹೆಣ್ಣಮಗಳು ತವರುಮನಿ ಬಾಗಿಲಿಗೆ ಬಂದು ನಿಂತಾಗ ಕದಾ ಹಾಕಿದಂಗ.

ಒಂದು ಥರ್ಮಾಮೀಟರ್ ಇಟ್ಕೊಳ್ರಿ, ಬೆಕ್ಕಿಂದ ಅಂತ ಬ್ಯಾರೇನ. (ನಮ್ಮ ಮನ್ಯಾಗ ಒಮ್ಮೆ ಅದಲಿ ಬದಲಿ ಆಗಿ ಏನಾತು ಅನ್ನೂದು ನಮ್ಮನಿಯವರಿಗೆ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ.) ತುದಿಗೆ ಕೊಬ್ರಿ ಎಣ್ಣಿ ಹಚ್ಚಿ ಹಿಂಬಾಗಿಲಿನ್ಯಾಗ ಹಿಡದು ನೋಡಬೇಕು. ಬೆಕ್ಕಿನ ಮೈ ನಮ್ಮಕಿಂತ ಬಿಸಿ, ಸುಮಾರು 100.5 ರಿಂದ 102.5 ಡಿಗ್ರಿ ಇರ್ತದ. ಅದು 100ರ ಕೆಳಗ ಇಳೀತು ಅಂದ್ರ ಸಾಮಾನ್ಯವಾಗಿ ಹನ್ನೆರಡು ತಾಸಿನಿಂದ ಒಂದು ದಿನದೊಳಗ ಬ್ಯಾನಿ ಶುರು. ಆಕಿ ಹಿಡೀಗೊಡಲಿಲ್ಲಾ ಅಂದ್ರ ಬಿಟ್ಟು ಬಿಡ್ರಿ, ಗುದ್ದಾಡಬ್ಯಾಡ್ರಿ. ಥರ್ಮಾಮೀಟರ್ ಇಲ್ಲದನೂ ತಿಳೀತದ: ಊಟ ಬಿಡೂದು, ಒಂದ ಕಡೆ ಕೂಡಲಾರದ ಓಡಾಡೂದು, ಮಣ್ಣಿನ ಡಬ್ಬಿಗೆ ಹೋಗಿ ಹೋಗಿ ಬರೂದು, ಹಿಂದ ನೆಕ್ಕೋಳೂದು, ಬಾಯಿ ತಗದು ತೇಕೂದು, ನಡುವ ಗುರ್ ಗುರ್ ಅನ್ನೂದು. ಗುರ್ ಅಂದ್ಲು ಅಂದ್ರ ಖುಷಿಯಾಗ್ಯಾಳ ಅಂತ ತಿಳೀಬ್ಯಾಡ್ರಿ. ನೋವಿಗೂ ಅಂತಾರ ಅವು. ಈ ಮೊದಲನೇ ಹಂತ ಕೆಲವು ತಾಸು ನಡೀತದ, ಚೊಚ್ಚಲ ಇದ್ರ ಒಂದು ದಿನಾನೂ ಹಿಡೀತದ. ಇದರಾಗ ನಮ್ಮ ಕೆಲಸ ಏನೂ ಇಲ್ಲ. ದೊಡ್ಡ ರಟ್ಟಿನ ಡಬ್ಬಿಯೊಳಗ ಹಳೇ ಕಾಟನ್ ಸೀರಿ ಮಡಿಚಿ ಹಾಸಿ, ಕತ್ತಲಿ ಮೂಲ್ಯಾಗ ಇಟ್ಟು, ಬಾಜು ನೀರಿಟ್ಟು ಸುಮ್ಮನಾಗೂದು. ಆಕಿಗೆ ಬ್ಯಾರೆ ಜಾಗಾ ಮನಸ್ಸಿಗೆ ಬಂದಿದ್ರ ಡಬ್ಬಿ ಅಲ್ಲಿಗೇ ಒಯ್ಯೂದು.

ಇಲ್ಲೇ ನನ್ನ ಎರಡನೇ ಸಿಟ್ಟು. 'ಅದರ ಪಾಡಿಗೆ ಅದನ್ನ ಬಿಡು' ಅನ್ನವರು ಖರೇನ ಬಿಡ್ತಾರೇನು? ಹಡಿಯೂದಕಿಂತ ಮೊದಲ ಹೊರಗ ಹಾಕ್ತಾರ, ಹಡದ ಕೂಡಲೆ ಓಣ್ಯಾಗಿನ ಹುಡುಗೂರನ್ನೆಲ್ಲಾ ಕರಕೊಂಡು ಬಂದು ತೋರಸ್ತಾರ. ಒಬ್ಬ ಮೊಬೈಲ್ ಬೆಳಕು ಬಿಡ್ತಾನ, ಒಬ್ಬಾಕಿ ಮರಿ ಎತ್ತಿ ಕೆನ್ನಿಗೆ ಹಚ್ಚತಾಳ, ಒಬ್ಬರು 'ಇದು ಗಂಡೋ ಹೆಣ್ಣೋ' ಅಂತ ಬಾಲ ಎತ್ತತಾರ. ಆಮ್ಯಾಲೆ ಬೆಕ್ಕು ಮರಿ ಬಾಯಾಗ ಕಚ್ಚಿಕೊಂಡು ಜಾಗಾ ಬದಲಿ ಮಾಡಿದ್ರ 'ಬೆಕ್ಕು ಏಳು ಮನಿ ತಿರುಗಸ್ತದ, ಅದು ಅದರ ಜಾತಿ ಗುಣ' ಅಂತೀವಿ. ಆಕಿಗೆ ಏಳರ ಲೆಕ್ಕ ಎಲ್ಲಿಂದ ಬರಬೇಕು? ಗದ್ದಲ, ಬೆಳಕು, ಹೊಲಸಾದ ಹಾಸಿಗಿ, ಇದಕ್ಕ ಅಂಜಿ ಒಯ್ತಾಳ. ಬಾಣಂತಿ ಕೋಣ್ಯಾಗ ದಿನಾ ಐವತ್ತು ಮಂದಿ ಬಂದ್ರ ನಾವೂ ತವರು ಬಿಟ್ಟು ಓಡ್ತಿದ್ವಿ.

ನೋಡೂದು ಬ್ಯಾರೆ, ಕೈ ಹಾಕೂದು ಬ್ಯಾರೆ. ಒಬ್ಬರ, ಸ್ವಲ್ಪ ದೂರ, ಸುಮ್ಮನ ಕೂತು ಗಡಿಯಾರ ನೋಡಬೇಕು. ಜೋರಾಗಿ ತಿಣಕಲಿಕ್ಕೆ ಶುರು ಮಾಡಿದ ಮ್ಯಾಲೆ ಮೊದಲನೇ ಮರಿ ಸಾಮಾನ್ಯವಾಗಿ ಅರ್ಧ ತಾಸಿನೊಳಗ ಬರ್ತದ. ಮುಂದಿನ್ವು ಹತ್ತು ನಿಮಿಷಕ್ಕೊಂದೋ, ತಾಸಿಗೊಂದೋ. ಬಾಲ ಮುಂದಾಗಿ ಬಂದ್ರ ಗಾಬರಿ ಬ್ಯಾಡ, ಬೆಕ್ಕಿನ್ಯಾಗ ಹಂಗ ಬರೂದು ಭಾಳ ಸಾಮಾನ್ಯ, ಅದೂ ಸುಸೂತ್ರ ಬರ್ತದ. ಚಂಪಿಗೆ ಆದದ್ದು ಬಾಲ ಮುಂದ ಬಂದದ್ದಲ್ಲ, ಬಂದು ಅಲ್ಲೇ ಸಿಕ್ಕೊಂಡದ್ದು. ಪ್ರತಿ ಮರಿಗೂ ಒಂದು ಮಾಸು ಬೀಳ್ತದ, ಅದನ್ನ ತಾಯಿ ತಿಂತಾಳ. 'ಥೂ, ಹೊಲಸು' ಅಂತ ಕಸಗೋಬ್ಯಾಡ್ರಿ. ಎಷ್ಟು ಬಿದ್ದುವು ಅಂತ ಎಣಿಸ್ರಿ ಅಷ್ಟ, ಒಳಗ ಉಳದ್ರ ಮುಂದ ತ್ರಾಸ. ಕರುಳಬಳ್ಳಿ ಆಕೀನ ಕಡೀತಾಳ. ಕೈ ಹಾಕಬೇಕಾದ್ದು ಒಂದ ಹೊತ್ತಿನ್ಯಾಗ: ಮರಿ ಮುಖದ ಮ್ಯಾಲಿನ ಚೀಲ ಆಕಿ ಒಂದೆರಡು ನಿಮಿಷದಾಗ ಹರೀಲಿಲ್ಲಾ ಅಂದ್ರ, ಸ್ವಚ್ಛ ಕೈಲೆ ಮೂಗಿನ ಕಡೆಯಿಂದ ಹರದು, ಒಣಾ ಅರಬಿಲೆ ಮೆತ್ತಗ ತಿಕ್ಕಿ ತಾಯಿ ಬಾಯಿ ಹತ್ರ ಇಡಬೇಕು. ಬಳ್ಳಿ ಜಗ್ಗಬಾರದು, ಅರ್ಧಾ ಬಂದ ಮರಿ ಎಳೀಬಾರದು.

ಒಮ್ಮೊಮ್ಮೆ ಎರಡು ಹಡದು ಆಕಿ ಆರಾಮ ಮಲಗಿ, ಮರಿಗೆ ಹಾಲು ಕೊಟಗೋತ, ನೀರು ಕುಡದು, ತಾಸುಗಟ್ಟಲೆ ಬಿಟ್ಟು ಮತ್ತ ಹಡೀತಾಳ. ಆಕಿ ಸಮಾಧಾನದಿಂದ ಇದ್ರ ಅದು ತ್ರಾಸಿನ ಲಕ್ಷಣ ಅಲ್ಲ. ಹಿಂಗ ಗೊತ್ತಿಲ್ಲಾರದ ಗಾಬರಿಯಾಗಿ ಆಕಿನ್ನ ಚೀಲದಾಗ ತುಂಬಿ ದವಾಖಾನಿಗೆ ಒಯ್ದವರನ್ನೂ ನೋಡೇನಿ. ಲಕ್ಷಣ ತಿಳಿದಾಕಿ ಸುಮ್ಮನ ಕೂಡೂದನ್ನೂ ಕಲೀತಾಳ.

ಆದ್ರ ಇವು ಕಂಡ್ರ ಅಡಗಿ ಮನಿ ಒಲಿ ಆರಿಸಿ ಓಡ್ರಿ. ಜೋರಾಗಿ, ಬಿಡಲಾರದ ತಿಣಕಿ ಅರ್ಧ ತಾಸಾದ್ರೂ ಏನೂ ಬರಲಿಲ್ಲ. ಮರಿ ಅರ್ಧ ಹೊರಗ ಬಂದು ಹತ್ತು ನಿಮಿಷ ಅಲ್ಲೇ ನಿಂತದ. ಹಸೀ ರಕ್ತ ನಿಲ್ಲವಲ್ಲದು. ನಾರೂ ಹೊಲಸು ಬರ್ಲಿಕ್ಕತ್ತದ. ಆಕಿ ನಿತ್ರಾಣಾಗಿ ಬಿದ್ದಾಳ, ಕಣ್ಣು ತೇಲಸ್ತಾಳ. ಹಡದ ಒಂದೆರಡು ವಾರದೊಳಗ ಮೈ ನಡುಗಿ, ಕಾಲು ಸೆಟಗೊಂಡ್ರೂ ತಡ ಮಾಡಬ್ಯಾಡ್ರಿ, ಹಾಲಿಗೆ ಮೈಯಾಗಿನ ಕ್ಯಾಲ್ಸಿಯಂ ಇಳದು ಹಂಗಾಗ್ತದ. ದಿನ ತುಂಬಿದ ವಾರದಾಗ ದನದ ದವಾಖಾನಿ ಡಾಕ್ಟರ್ ನಂಬರ್, ರಾತ್ರಿ ಬರೂ ಆಟೋದವನ ನಂಬರ್ ಎರಡೂ ಫ್ರಿಜ್ ಮ್ಯಾಲೆ ಅಂಟಿಸಿರ್ರಿ.

ಮನಿ ಮದ್ದು ಅಂತ ಏನೂ ಬ್ಯಾಡ. ನೋವಾಗ್ಲಿಕ್ಕತ್ತದ ಅಂತ ಅರ್ಧ ಪ್ಯಾರಾಸಿಟಮಾಲ್ ಗುಳಗಿ ಹಾಲಿನ್ಯಾಗ ಕದಡಿ ಹಾಕೂ ಮಹಾತಾಯಂದಿರು ಇದ್ದಾರ. ಬೆಕ್ಕಿಗೆ ಅದು ವಿಷ, ಅರ್ಧ ಗುಳಗಿಗೂ ಸಾಯ್ತಾವ. ಎಮ್ಮಿಗೆ ಹಾಲು ಇಳಸಲಿಕ್ಕೆ ಕೊಡ್ತಾರಲ್ಲಾ, ಆ ಆಕ್ಸಿಟೋಸಿನ್ ಇಂಜೆಕ್ಷನ್ ಯಾರ ಕೈಲ್ಯೋ ತರಿಸಿ ಚುಚ್ಚಸ್ತೀನಿ ಅಂದ್ರಂತೂ ನನ್ನ ಮನಿ ಕಟ್ಟಿ ಏರಬ್ಯಾಡ್ರಿ. ಒಳಗ ಮರಿ ಅಡ್ಡ ಸಿಕ್ಕೊಂಡಾಗ ಅದನ್ನ ಕೊಟ್ರ ಗರ್ಭಚೀಲ ಹರೀತದ. ಅಡ್ಡ ಅದನೋ ಇಲ್ಲೋ ಅಂತ ಪರೀಕ್ಷಾ ಮಾಡಿದ ಡಾಕ್ಟರ್ ಮಾತ್ರ ಕೊಡಬೇಕಾದ್ದು ಅದು. ಇನ್ನ ನಮ್ಮ ಮೌಶಿ ಒಬ್ಬಾಕಿ ಬಾಣಂತಿ ಬೆಕ್ಕಿಗೆ ಅಂಟಿನುಂಡಿ ಇಟ್ಟಿದ್ಲು. ಬೆಕ್ಕು ಮೂಸಿ ನೋಡಿ ಮೌಶಿ ಮುಖ ನೋಡ್ತು. ಅದಕ್ಕ ನನ್ನ ಸಿಟ್ಟಿಲ್ಲ, ಪ್ರೀತಿಲೆ ಇಟ್ಟಿದ್ಲು.

'ಮನ್ಯಾಗ ಹಡದ್ರ ಮೈಲಿಗಿ' ಅಂದ್ರಿ ಒಬ್ಬರು. ಆಕಿನ ಪುರುಡು ನಮಗ್ಯಾಕ ಬರಬೇಕು? ನಾವು ಕೂಸು ಹುಟ್ಟಿದ ಐದೇಶಿ ದಿನ ಸಟವಿ ಪೂಜಾ ಮಾಡ್ತೀವಲ್ಲ, ಹಣೆಬರಹ ಬರೀಲಿಕ್ಕೆ ಬರ್ತಾಳ ಅಂತ ಪಾಟಿ, ಬಳಪ ಇಟ್ಟು ದೀಪಾ ಹಚ್ಚಿ ಕಾಯ್ತೀವಲ್ಲ, ಆ ಸಟವಿ ಅಂದ್ರ ಷಷ್ಠೀ ದೇವಿ. ಬಂಗಾಳದವರು ಆಕಿಗೆ ಭಾಳ ನಡಕೋತಾರ. ಆಕಿ ವಾಹನ ಯಾವುದು ಅಂತೀರಿ? ಬೆಕ್ಕು. ಬಾಣಂತಿ, ಕೂಸು ಕಾಯೂ ದೇವಿ ಏರಿ ಬರೂದೇ ಬೆಕ್ಕಿನ ಮ್ಯಾಲೆ, ನಾವು ಆಕಿ ವಾಹನಾನ ಹಡಿಯೂ ಹೊತ್ತಿಗೆ ಮಳ್ಯಾಗ ಹಾಕ್ತೀವಿ. ಬೆಕ್ಕು ಕೊಂದ್ರ ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನ ಕೊಡಬೇಕು ಅಂತ ನಮ್ಮತ್ತಿಯವರು ಹೇಳ್ತಿದ್ರು. ಗಾಡಿ ಹಾಯಿಸಿ ಕೊಂದವರಿಗೆ ಇದನ್ನ ನೆನಪು ಮಾಡಿ ಕೊಡ್ತೀವಿ. ಅಗಳಿ ಹಾಕಿ ಕೊಂದದ್ದಕ್ಕ ಎಷ್ಟು ತೊಲಿ ಅಂತ ನಾ ಅವರನ್ನ ಕೇಳಲಿಲ್ಲ. ಕೇಳ್ಲಿಕ್ಕೆ ಬಾಯಿ ಬರಲಿಲ್ಲ.

ಪಾವಗಡದ ಕಡಿಯ ಸೂಲಗಿತ್ತಿ ನರಸಮ್ಮಗ 2018ರಾಗ ಪದ್ಮಶ್ರೀ ಬಂದಾಗ ನಾವೆಲ್ಲಾ ಟಿವಿ ಮುಂದ ಕೂತು ಕಣ್ಣು ಒರಸಿಕೊಂಡ್ವಿ. ದುಡ್ಡು ಕೇಳಲಾರದ ಸಾವಿರಾರು ಹೆರಿಗಿ ಮಾಡಿಸಿದ ಕೈ ಅದು. ಹೊಟ್ಟಿ ನೋಡಿ, ಮುಖಾ ನೋಡಿ ಹೊತ್ತು ತಿಳಿಯೂ ಆ ವಿದ್ಯಾ ಹೆಣ್ಣಮಕ್ಕಳದ್ದು ಅಂತ ಅವತ್ತು ಹೆಮ್ಮಿ ಪಟ್ಟವರೇ, ಅದ ವಿದ್ಯಾ ಒಬ್ಬಾಕಿ ಬೆಕ್ಕಿನ ಸಲುವಾಗಿ ಕಲತ್ರ 'ಕೆಲಸಿಲ್ಲಾರದಾಕಿ' ಅಂತೀರಿ. ವೈನಿ, 'ಸೂಲಗಿತ್ತಿ ಬೇಕೇನು' ಅಂತ ನಕ್ಕದ್ದು ನನಗ ಅದಕ್ಕ ಚುಚ್ಚಿತು.

ಕಡೀಕ 'ಹಿಂಗ ಜ್ವಾಪಾನ ಮಾಡಿದ್ರ ಓಣಿ ತುಂಬ ಬೆಕ್ಕಾಗ್ತಾವ' ಅನ್ನೂ ಮಾತು. ಇದರಾಗ ಹುರುಳದ, ನಾ ಅಲ್ಲಗಳಿಯಂಗಿಲ್ಲ. ಹಡದ ಕೆಲವ ವಾರದಾಗ, ಮರಿ ಇನ್ನೂ ಹಾಲು ಕುಡಿಯೂ ಹೊತ್ತಿಗೇನ ಬೆಕ್ಕು ಮತ್ತ ಬಸರಾಗಬಹುದು. ಹಂಗಂತ ಬ್ಯಾನಿ ಬಂದಾಕಿನ್ನ ಹೊರಗ ಹಾಕೂದು ಅದಕ್ಕ ಉಪಾಯ ಹೆಂಗಾಗ್ತದ? ಹೊರಗ ಹಾಕಿದ್ರೂ ಆಕಿ ಹಡೀತಾಳ, ಯಾರದರೆ ಬಣವ್ಯಾಗ, ಗಟಾರ ಬಾಜೂಕ. ಬ್ಯಾಡಾದ್ರ ಆಪರೇಷನ್ ಮಾಡಸ್ರಿ. ಮರಿ ಎರಡು ತಿಂಗಳಾಗಿ ಹಾಲು ಬಿಟ್ಟ ಮ್ಯಾಲೆ ಮಾಡಸಬಹುದು, ಅಲ್ಲೀತನಕ ಆಕಿನ್ನ ಹೊರಗ ಬಿಡಬ್ಯಾಡ್ರಿ. ಮರಿ ಕೊಡೂದಿದ್ರೂ ಎರಡು ತಿಂಗಳ ಮ್ಯಾಲೇನ ಕೊಡ್ರಿ. ನಮ್ಮ ಓಣ್ಯಾಗ ಆಪರೇಷನ್ ಖರ್ಚಿಗೆ ಅಂತ ಭಿಸಿ ಹಂಗ ತಿಂಗಳಾ ಇಷ್ಟಿಷ್ಟು ಹಾಕೋಣು ಅಂತ ನಾ ಎರಡು ಸಲ ಹೇಳೇನಿ. ಗಣಪತಿ ಪಟ್ಟಿ ಕೊಡವರು ಇದಕ್ಕ ಕೊಡಂಗಿಲ್ಲ. ಮೂರನೇ ಸಲ ಇಲ್ಲೆ ಬರದೇನಿ.

ಎದುರು ಮನಿ ಬೆಕ್ಕು ಈಗ ನಮ್ಮ ಮನ್ಯಾಗ ಅದ. ಆ ಹುಡುಗಿ ಆಫೀಸಿಗೆ ಹೋಗ್ತಾಳ, ಹಗಲು ಯಾರೂ ಇರಂಗಿಲ್ಲ, ಅದಕ್ಕ ಡಬ್ಬಿ ಸೈತ ತಂದು ನನ್ನ ಮಂಚದ ಕೆಳಗ ಇಟ್ಟಾಳ, ಮ್ಯಾಲೆ ಆಕಿನ್ನ ಕೆದರಿದ ಸೀರೀನ ಹಾಸ್ಯಾಳ. ಇವತ್ತು ಮುಂಜಾನೆ 101 ಇತ್ತು, ಸಂಜಿಗೆ ನೋಡಿದ್ರ 99.6. ಅನ್ನ ಮುಟ್ಟಿಲ್ಲ. ನಾ ಇದನ್ನ ಬರಿಯೂ ಹೊತ್ತಿಗೆ ಹೊರಗ ಹಣಿಕಿ ನೋಡಿ ಮತ್ತ ಒಳಗ ಹೋದ್ಲು. ಗ್ವಾಡಿ ಗಡಿಯಾರದ್ದು ಸೆಲ್ ವೀಕ್ ಆಗೇದ, ಯಾರ ಮನ್ಯಾಗರೆ ಒಂದು ಪೆನ್ಸಿಲ್ ಸೆಲ್ ಇದ್ರ ಈಗ ಕಳಸ್ರಿ. ಹುಡುಗೂರ ಕೈಲೆ ಬ್ಯಾಡ, ನೀವ ಬರ್ರಿ, ಚಪ್ಪಲ್ ಸಪ್ಪಳ ಮಾಡಬ್ಯಾಡ್ರಿ.